ಚೆನ್ನಾಗಿದ್ದ ಓಟವೊಂದರಲ್ಲಿ ಬಿದ್ದು ಎದ್ದ ಬಗೆ

ಕಿಲೋಮೀಟರಿಗೆ 6 ನಿಮಿಷದ ವೇಗದಲ್ಲಿ, ನಿಮಿಷಕ್ಕೆ ಸುಮಾರು 165 ಹೆಜ್ಜೆಗಳ ಲಯದಲ್ಲಿ ಓಡುವವರ ಒಂದೊಂದು ಹೆಜ್ಜೆಯೂ ಹೆಚ್ಚುಕಡಿಮೆ ಒಂದು ಮೀಟರ್ ಉದ್ದವಿರುತ್ತದೆ. ಹಾಗಾಗಿ 15 ಕಿಲೋಮೀಟರಿನ ಅಭ್ಯಾಸದ ಓಟದಲ್ಲಿ ಸುಮಾರು 15,000 ಸಲ ಪಾದವೊಂದು ನೆಲ ಬಿಟ್ಟು ಮೇಲೆದ್ದು, ಮುಂದಕ್ಕೆ ತೂಗಿ, ಮತ್ತೆ ನೆಲ ಮುಟ್ಟುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಓಡುವವರಿಗೆ ವರ್ಷವೊಂದರಲ್ಲಿ ಈ ಲೆಕ್ಕ ಲಕ್ಷಗಳನ್ನು ದಾಟುತ್ತದೆ. ಇಷ್ಟೊಂದು ಹೆಜ್ಜೆಗಳಲ್ಲಿ ಯಾವುದೋ ಒಂದು ಹೆಜ್ಜೆ ಬೆರಳಗಲ ತಗ್ಗಿ ಎಲ್ಲಿಗೋ ತಾಗುವುದು ವಿಪರೀತವೇನಲ್ಲ. ಅದೂ ಓಟದ ಲೆಕ್ಕದೊಳಗೇ ಸೇರಿದ್ದು. ಬಿದ್ದ ಮೇಲೆ ತಮ್ಮನ್ನೇ ವಿಚಾರಣೆಗೆ ನಿಲ್ಲಿಸಿಕೊಂಡು, ಎಲ್ಲಿ ನೋಡುತ್ತಿದ್ದೆ, ಏನು ಯೋಚಿಸುತ್ತಿದ್ದೆ ಎಂದು ಕೊರಗುವ ಓಟಗಾರರನ್ನು ನಾನು ಸಾಕಷ್ಟು ಕಂಡಿದ್ದೇನೆ. ಆ ವಿಚಾರಣೆಯಿಂದ ದಕ್ಕುವುದು ಬಹಳ ಕಡಿಮೆ. ಬಿದ್ದ ನಂತರದ ಮೊದಲ ಐದು ನಿಮಿಷಗಳಲ್ಲಿ, ಆ ದಿನದ ಉಳಿದ ಹೊತ್ತಿನಲ್ಲಿ ಮತ್ತು ಮುಂದಿನ ಕೆಲವು ವಾರಗಳಲ್ಲಿ ಏನು ಮಾಡುತ್ತೇವೆ ಎಂಬುದೇ ಮುಂದೆ ಓಡುವೆವೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ನಾನು ಬಿದ್ದಾಗ ಏನೇನಾಯಿತು, ಏನೇನು ಮಾಡಿದೆ, ಹಾಗೆ ಮಾಡಿದ್ದು ಏಕೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆಗ ನಾನು ಹಾಫ್ ಮ್ಯಾರಥಾನಿಗೆ, ಅಂದರೆ 21.0975 ಕಿಲೋಮೀಟರಿನ ಓಟಕ್ಕೆ ತಯಾರಿ ನಡೆಸುತ್ತಿದ್ದೆ. ಆ ದಿನ ಇದ್ದದ್ದು ವಾರದ ದೀರ್ಘ ಓಟ. ಇದನ್ನು ನಿಧಾನವಾಗಿಯೇ ಓಡಬೇಕು. ಪಕ್ಕದಲ್ಲಿರುವವರೊಂದಿಗೆ ಏದುಸಿರಿಲ್ಲದೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ನಿಧಾನ. ಮರಗಳ ನಡುವೆ ಸಾಗುವ ಮಣ್ಣಿನ ದಾರಿ, ಬೆಳಗಿನ ತಂಪು, ಜೊತೆಗೆ ನನಗಿಂತ ಎಷ್ಟೋ ವರ್ಷ ಹೆಚ್ಚು ಓಡಿದ ಹಿರಿಯರೊಬ್ಬರು. ಮೊದಲ ಎರಡು ಮೂರು ಕಿಲೋಮೀಟರ್ ಎಂದಿನಂತೆ ಮೈ ಭಾರವಾಗಿತ್ತು. ಆಮೇಲೆ ಉಸಿರು ತಾನಾಗಿ ಹೆಜ್ಜೆಯ ಲಯಕ್ಕೆ ಹೊಂದಿಕೊಂಡಿತು, ಭುಜಗಳು ಸಡಿಲಗೊಂಡವು, ಗಡಿಯಾರ ನೋಡುವ ಅಗತ್ಯವೇ ಕಾಣಲಿಲ್ಲ. ಎಷ್ಟೋ ಓಟಗಳು ಕರ್ತವ್ಯದಂತೆ ಮುಗಿದುಹೋಗುತ್ತವೆ, ಇದು ಹಾಗಿರಲಿಲ್ಲ. ಇಳಿಜಾರಿನಲ್ಲಿ ಕಾಲುಗಳು ತಾವೇ ಉರುಳುತ್ತಿದ್ದವು, ಏರಿನಲ್ಲಿ ಕೂಡ ಮಾತು ನಿಲ್ಲಲಿಲ್ಲ, ದಾರಿ ಮುಗಿಯುವುದೇ ಬೇಡ ಎನ್ನಿಸುತ್ತಿತ್ತು. ಈ ವಿವರವನ್ನು ಬೇಕೆಂದೇ ಬರೆಯುತ್ತಿದ್ದೇನೆ, ಏಕೆಂದರೆ ಬಿದ್ದವರು ಮೊದಲು ಮರೆಯುವುದು ಇದನ್ನೇ. ಕೊನೆಯ ಒಂದು ಸೆಕೆಂಡು ಕೆಟ್ಟಿತೆಂದು ಅದಕ್ಕಿಂತ ಮುಂಚಿನ ಒಂದೂಕಾಲು ಗಂಟೆಯನ್ನೂ ಕೆಟ್ಟ ಓಟವೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವವರಿದ್ದಾರೆ. ನಾನು ಅದನ್ನು ಒಳ್ಳೆಯ ಓಟವೆಂದೇ ಬರೆದುಕೊಂಡೆ, ಬಿದ್ದದ್ದನ್ನು ಕೆಳಗಿನ ಸಾಲಿನಲ್ಲಿ ಬೇರೆಯಾಗಿ ಬರೆದೆ.

ಬಿದ್ದದ್ದು ಓಟದ ಕೊನೆಯ ಭಾಗದಲ್ಲಿ. ಎಲೆಗಳ ನಡುವಿನಿಂದ ಬಿಸಿಲು ಬಿದ್ದು ದಾರಿಯ ತುಂಬ ಬೆಳಕು ನೆರಳಿನ ಚುಕ್ಕೆಗಳು ಹರಡಿದ್ದವು. ಇಂಥ ನೆಲದಲ್ಲಿ ಬೆರಳೆತ್ತರದ ಮರದ ಬೇರು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ, ಏಕೆಂದರೆ ಅದರ ನೆರಳಿನ ಗೆರೆಗೂ ಎಲೆಯ ನೆರಳಿಗೂ ವ್ಯತ್ಯಾಸವಿರುವುದಿಲ್ಲ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮುಂದಕ್ಕೆ ತೂಗುವ ಪಾದದ ತುದಿ ನೆಲದಿಂದ ಬರೀ ಒಂದೆರಡು ಸೆಂಟಿಮೀಟರ್ ಮೇಲೆ ಹಾದುಹೋಗುವ ಗಳಿಗೆಯೊಂದಿರುತ್ತದೆ. ಓಡುವಾಗ ಮೊಣಕಾಲು ಹೆಚ್ಚು ಮಡಚುವುದರಿಂದ ಈ ಅಂತರ ಹೆಚ್ಚುತ್ತದೆ, ಆದರೆ ನಿಧಾನದ ಓಟದಲ್ಲಿ, ಅದರಲ್ಲೂ ಕಾಲು ದಣಿದ ಹೊತ್ತಿನಲ್ಲಿ, ಮೊಣಕಾಲಿನ ಎತ್ತುಗಡೆ ಕಡಿಮೆಯಾಗಿ ಓಟ ನಡಿಗೆಯ ಹತ್ತಿರಕ್ಕೆ ಇಳಿಯುತ್ತದೆ. ವೇಗದ ಅಭ್ಯಾಸದಲ್ಲಿ ಎಡವದವರು ಆರಾಮದ ಓಟದಲ್ಲಿ ಎಡವುವುದು ಇದರಿಂದಲೇ ಎಂದು ನನ್ನ ಅನುಭವ ಹೇಳುತ್ತದೆ.

ಬಲಗಾಲಿನ ಶೂವಿನ ಮೂತಿ ಬೇರಿಗೆ ಸಿಕ್ಕಿಕೊಂಡಿತು. ಎಡವಿದಾಗ ದೇಹ ಎರಡು ಉಪಾಯಗಳಲ್ಲಿ ಒಂದನ್ನು ತಾನಾಗಿ ಆರಿಸಿಕೊಳ್ಳುತ್ತದೆ. ಪಾದ ತೂಗಲು ಆರಂಭಿಸಿದ ಹೊತ್ತಿನಲ್ಲೇ ತಾಗಿದರೆ ಅದೇ ಪಾದವನ್ನು ಇನ್ನಷ್ಟು ಮೇಲೆತ್ತಿ ಅಡ್ಡಿಯ ಆಚೆಗೆ ಇಡುತ್ತದೆ. ತೂಗು ಮುಗಿಯುವ ಹೊತ್ತಿನಲ್ಲಿ ತಾಗಿದರೆ ಪಾದವನ್ನು ಥಟ್ಟನೆ ಅಲ್ಲೇ ಊರಿ, ಇನ್ನೊಂದು ಕಾಲನ್ನು ದೊಡ್ಡ ಹೆಜ್ಜೆಯಾಗಿ ಮುಂದಕ್ಕೆ ಎಸೆಯುತ್ತದೆ. ನಾವು ಮುಗ್ಗರಿಸಿ, ತಟ್ಟಾಡಿ, ಮತ್ತೆ ಸಾವರಿಸಿಕೊಂಡು ಓಡುವ ಸಂದರ್ಭಗಳಲ್ಲೆಲ್ಲ ಈ ಎರಡರಲ್ಲಿ ಒಂದು ಗೆದ್ದಿರುತ್ತದೆ. ಆ ದಿನ ಎರಡನೆಯದು ಅರ್ಧದಷ್ಟು ನಡೆಯಿತು. ಎಡಗಾಲು ಮುಂದೆ ಬಂತು, ಆದರೆ ಅಷ್ಟರಲ್ಲಿ ಮುಂಡ ಅದಕ್ಕಿಂತಲೂ ಮುಂದೆ ಹೋಗಿತ್ತು. ಕಣ್ಣು ಕಂಡದ್ದಕ್ಕೆ ಕೈಕಾಲು ಸ್ಪಂದಿಸಲು ಸುಮಾರು ಕಾಲು ಸೆಕೆಂಡು ಬೇಕು, ಅಷ್ಟರಲ್ಲಿ ನನ್ನ ವೇಗದಲ್ಲಿ ದೇಹ 70 ಸೆಂಟಿಮೀಟರ್ ಸಾಗಿರುತ್ತದೆ. ಎಡವಿದ್ದು ಗೊತ್ತಾಗಿ ಅದರ ಬಗ್ಗೆ ಯೋಚಿಸುವುದಕ್ಕೆ ಅಲ್ಲಿ ಸಮಯವೇ ಇರುವುದಿಲ್ಲ.

ಅಂಗೈಗಳು ಮೊದಲು, ಆಮೇಲೆ ಎಡ ಮೊಣಕಾಲು, ಕೊನೆಗೆ ಎಡ ಸೊಂಟ ಮತ್ತು ಭುಜ ನೆಲಕ್ಕೆ ತಾಗಿದವು. ಬಿದ್ದ ಪೆಟ್ಟು ಓಟದ ವೇಗದಿಂದ ಬರುತ್ತದೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಮನೆಗೆ ಬಂದ ಮೇಲೆ ಕುಳಿತು ಲೆಕ್ಕ ಹಾಕಿದರೆ ಸಂಗತಿ ಬೇರೆಯೇ ಇತ್ತು. 60 ಕಿಲೋ ತೂಕದ ವ್ಯಕ್ತಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುವಾಗ ಚಲನಶಕ್ತಿ ಸುಮಾರು 230 ಜೂಲ್. ಅದೇ ವ್ಯಕ್ತಿಯ ಗುರುತ್ವಕೇಂದ್ರ ನಿಂತ ಎತ್ತರದಿಂದ 75 ಸೆಂಟಿಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವುದು ಸುಮಾರು 440 ಜೂಲ್. ಅಂದರೆ ಮೂಳೆಗೆ ಬೀಳುವ ಹೊಡೆತದ ಬಹುಪಾಲು ಎತ್ತರದ್ದು. ವೇಗ ಮುಖ್ಯವಾಗಿ ಚರ್ಮವನ್ನು ನೆಲದ ಮೇಲೆ ಉಜ್ಜುತ್ತದೆ. ನಿಧಾನವಾಗಿ ಓಡುತ್ತಿದ್ದೆ, ಆದ್ದರಿಂದ ಏನೂ ಆಗಿರಲಾರದು ಎಂಬ ಸಮಾಧಾನಕ್ಕೆ ಆಧಾರವಿಲ್ಲ ಎಂದಾಯಿತು.

ಬಿದ್ದ ತಕ್ಷಣ ನನಗೆ ಬಂದ ಮೊದಲ ಆಸೆ ಎದ್ದು ನಿಲ್ಲುವುದು. ನೋವಿಗಿಂತ ಮುಂಚೆ ಬಂದದ್ದು ಸಂಕೋಚ; ಯಾರಾದರೂ ನೋಡಿದರೇ ಎಂಬ ಸಂಕೋಚ. ಎರಡು ಹೆಜ್ಜೆ ಮುಂದೆ ಹೋಗಿದ್ದ ಹಿರಿಯರು ಹಿಂದಿರುಗಿ ಬಂದು, "ಏಳಬೇಡಿ, ಹಾಗೇ ಇರಿ ಸ್ವಲ್ಪ. ನಾನು ಕೇಳಿದ್ದಕ್ಕೆ ಮಾತ್ರ ಹೇಳಿ" ಎಂದರು. ಕೈಹಿಡಿದು ಎಬ್ಬಿಸಲು ಅವರು ಬರಲಿಲ್ಲ ಎಂಬುದನ್ನು ನಾನು ಆಮೇಲೆ ಗಮನಿಸಿದೆ. ಬಿದ್ದವರನ್ನು ಕಂಡೊಡನೆ ರಟ್ಟೆ ಹಿಡಿದು ಎತ್ತುವುದು ನಮ್ಮೆಲ್ಲರ ಸಹಜ ಸ್ವಭಾವ, ಆದರೆ ಮಣಿಕಟ್ಟಿಗೋ ಕತ್ತಿನ ಕೆಳಗಿನ ಮೂಳೆಗೋ ಪೆಟ್ಟಾಗಿದ್ದರೆ ಹಾಗೆ ಎಳೆಯುವುದರಿಂದಲೇ ಕೆಡುಕು ಹೆಚ್ಚಾಗಬಹುದು.

ಅವರು ಮೊದಲು ಕೇಳಿದ್ದು ತಲೆಯ ಬಗ್ಗೆ. ತಲೆ ನೆಲಕ್ಕೆ ತಾಗಿತೇ, ಬಿದ್ದ ಕ್ಷಣ ಪೂರ್ತಿ ನೆನಪಿದೆಯೇ, ಕತ್ತಿನ ನಡುಮೂಳೆಯಲ್ಲಿ ನೋವಿದೆಯೇ, ಕೈಬೆರಳು ಕಾಲ್ಬೆರಳುಗಳಲ್ಲಿ ಜೋಮು ಹಿಡಿದಂತಿದೆಯೇ ಎಂದು ಒಂದೊಂದಾಗಿ ಕೇಳಿದರು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಹೊತ್ತು ಕಳೆದಂತೆ ಏರುತ್ತಿದ್ದರೆ, ಮಾತು ತೊದಲಿದರೆ ಅಥವಾ ಬಿದ್ದವರು ರಕ್ತ ತೆಳುಗೊಳಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮುಂದಿನ ದಾರಿ ನೇರವಾಗಿ ಆಸ್ಪತ್ರೆಗೆ, ಬೇರೆ ವಿಚಾರಕ್ಕೆ ಆಸ್ಪದವಿಲ್ಲ. ನನಗೆ ಇವು ಯಾವುವೂ ಇರಲಿಲ್ಲ. ಆಮೇಲೆ ಮಲಗಿದಲ್ಲಿಯೇ ಬೆರಳುಗಳು, ಮಣಿಕಟ್ಟು, ಮೊಣಕೈ, ಭುಜ, ಸೊಂಟ, ಮೊಣಕಾಲು, ಹರಡು ಇವನ್ನು ಒಂದರ ನಂತರ ಒಂದಾಗಿ ಆಡಿಸಿ ನೋಡಿದೆ. ಎಲ್ಲವೂ ಆಡಿದವು. ಎಡ ಮಣಿಕಟ್ಟು ಮಾತ್ರ ಒಂದು ಕೋನದಲ್ಲಿ ಹಿಡಿದುಕೊಂಡಂತೆ ಆಯಿತು. ಕುಳಿತು, ಒಂದು ನಿಮಿಷ ಉಸಿರಾಡಿ, ಆಮೇಲೆ ಎದ್ದೆ.

ಮೊಣಕಾಲಿನ ವಿಷಯದಲ್ಲಿ ವೈದ್ಯರು ಬಳಸುವ ಸರಳ ಒರೆಗಲ್ಲೊಂದಿದೆ. 1990ರ ದಶಕದಲ್ಲಿ ಕೆನಡಾದ ಒಟ್ಟಾವದಲ್ಲಿ ರೂಪುಗೊಂಡ ಕಾರಣ ಅದಕ್ಕೆ ಒಟ್ಟಾವ ನಿಯಮ ಎಂದು ಹೆಸರು. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, ಮೊಣಕಾಲನ್ನು 90 ಡಿಗ್ರಿವರೆಗೆ ಮಡಚಲಾಗದಿದ್ದರೆ, ಮಂಡಿಚಿಪ್ಪಿನ ಮೇಲೆ ಮಾತ್ರ ಅಥವಾ ಮೊಣಕಾಲಿನ ಹೊರಬದಿಯ ಸಣ್ಣ ಮೂಳೆಯ ತುದಿಯಲ್ಲಿ ಒತ್ತಿದಾಗ ನೋವಿದ್ದರೆ, ಅಥವಾ ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಕ್ಸ್‌ರೇ ತೆಗೆಸಬೇಕು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಆದರೆ ದಾರಿಯ ಮಧ್ಯೆ ನಿಂತಿರುವವರಿಗೆ ಮುಂದೇನು ಎಂದು ತೀರ್ಮಾನಿಸಲು ನೆರವಾಗುತ್ತದೆ. ರಕ್ತ ಸುರಿಯುತ್ತಿದ್ದರೂ ನನ್ನ ಮೊಣಕಾಲು ಈ ಒರೆಗಲ್ಲನ್ನು ದಾಟಿತು. ರಕ್ತದ ಪ್ರಮಾಣಕ್ಕೂ ಪೆಟ್ಟಿನ ಆಳಕ್ಕೂ ಅಷ್ಟೇನೂ ಸಂಬಂಧವಿಲ್ಲವೆಂಬುದು ಆಮೇಲೆ ಇನ್ನೂ ಸ್ಪಷ್ಟವಾಯಿತು: ಕೆಂಪಾಗಿ ಕಂಡ ಮೊಣಕಾಲು ಬೇಗ ವಾಸಿಯಾಯಿತು, ಗೀರೂ ಇಲ್ಲದ ಮಣಿಕಟ್ಟು ವಾರಗಳ ಕಾಲ ಕಾಡಿತು.

ಇನ್ನು ಉಳಿದ ದೂರದ ಪ್ರಶ್ನೆ. ಗಡಿಯಾರ ಇನ್ನೂ ಓಡುತ್ತಿತ್ತು, ಮುಗಿಸಲು ಸ್ವಲ್ಪವೇ ಬಾಕಿಯಿತ್ತು, ಮತ್ತು ವಿಚಿತ್ರವೆಂದರೆ ಆ ಹೊತ್ತಿನಲ್ಲಿ ನನಗೆ ನೋವೇ ಇರಲಿಲ್ಲ. ಹಠಾತ್ ಆಘಾತದಲ್ಲಿ ದೇಹ ಅಡ್ರಿನಲಿನ್ ಸುರಿದು, ನೋವಿನ ಸಂಕೇತಗಳನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತದೆ. ಆದ್ದರಿಂದ ಬಿದ್ದ ಮೊದಲ ಹತ್ತು ನಿಮಿಷಗಳಲ್ಲಿ "ನನಗೇನೂ ಆಗಿಲ್ಲ" ಎಂಬ ಮಾತು ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಇಂಥ ಸಂದರ್ಭದಲ್ಲಿ ಓಟಗಾರರು ಸಾಮಾನ್ಯವಾಗಿ ನೆನೆಯುವುದು ಫಿನ್ಲೆಂಡಿನ ಲಾಸೆ ವಿರೆನ್ ಅವರನ್ನು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 10,000 ಮೀಟರ್ ಫೈನಲ್‌ನಲ್ಲಿ ಅವರು ಓಟದ ನಡುವೆ ಬಿದ್ದು, ಎದ್ದು, 27 ನಿಮಿಷ 38.4 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಅದೇ ಬೀಳಾಟದಲ್ಲಿ ಅವರ ಮೇಲೆಯೇ ಎಡವಿ ಬಿದ್ದ ಇನ್ನೊಬ್ಬರೂ ಇದ್ದರು, ಟ್ಯುನಿಸಿಯಾದ ಮೊಹಮ್ಮದ್ ಗಮ್ಮೂದಿ. ಅವರು ಎದ್ದು ಸ್ವಲ್ಪ ದೂರ ಓಡಿ, ಓಟವನ್ನು ಅಲ್ಲಿಗೇ ಬಿಟ್ಟರು. ಒಂದು ವಾರದ ನಂತರ ಅದೇ ಕ್ರೀಡಾಂಗಣದಲ್ಲಿ 5,000 ಮೀಟರ್ ಓಟದಲ್ಲಿ ವಿರೆನ್ ಅವರ ಹಿಂದೆಯೇ ಬಂದು ಬೆಳ್ಳಿ ಗೆದ್ದವರು ಇದೇ ಗಮ್ಮೂದಿ. ವಿರೆನ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಗಮ್ಮೂದಿ ಅವರದ್ದನ್ನು ಹೇಳುವವರು ಕಡಿಮೆ. ಅಭ್ಯಾಸದ ಓಟದಲ್ಲಿ ಬಿದ್ದವರಿಗೆ ಬೇಕಾದದ್ದು ಎರಡನೆಯದೇ. ಅಭ್ಯಾಸಕ್ಕೆ ಪದಕವಿಲ್ಲ, ಉಳಿದ ಎರಡು ಕಿಲೋಮೀಟರ್ ಓಡಿದರೆ ದೇಹಕ್ಕೆ ಸಿಗುವ ಲಾಭವನ್ನು ಅಳೆಯುವುದೂ ಕಷ್ಟ. ನಾನು ಗಡಿಯಾರ ನಿಲ್ಲಿಸಿ, ಹಿರಿಯರ ಜೊತೆ ನಡೆದುಕೊಂಡು ಬಂದೆ. ದಾರಿಯುದ್ದಕ್ಕೂ ನಾವು ಮಾತನಾಡುತ್ತಿದ್ದ ವಿಷಯವನ್ನೇ ಮುಂದುವರಿಸಿದೆವು, ಅದೂ ಹಿತವಾಗಿತ್ತು.

ನಡಿಗೆ ಮುಗಿಯುವಷ್ಟರಲ್ಲಿ ಅಂಗೈಗಳು ಉರಿಯತೊಡಗಿದ್ದವು. ತರಚು ಗಾಯದಲ್ಲಿ ಚರ್ಮದ ಮೇಲ್ಪದರ ಮಾತ್ರ ಕಿತ್ತುಹೋಗಿ ನರಗಳ ತುದಿಗಳು ಗಾಳಿಗೆ ತೆರೆದುಕೊಳ್ಳುವುದರಿಂದ, ಆಳದ ಗಾಯಕ್ಕಿಂತಲೂ ಇದು ಹೆಚ್ಚು ಉರಿಯುತ್ತದೆ. ಮನೆಗೆ ಬಂದವನೇ ಸೋಪಿನಿಂದ ಬೆರಳುಗಳನ್ನು ಶುಚಿಮಾಡಿಕೊಂಡು, ಅಂಗೈ ಮತ್ತು ಮೊಣಕಾಲುಗಳನ್ನು ನಲ್ಲಿಯ ಹರಿಯುವ ನೀರಿನ ಕೆಳಗೆ ಹಿಡಿದೆ. ಇದಕ್ಕೆ ಅವಸರ ಮಾಡಬಾರದು. ಐದು ಹತ್ತು ನಿಮಿಷ ನೀರು ಹರಿಯಲಿ. ನೀರಿಗೆ ಹೋಗದ ಮಣ್ಣಿನ ಕಣಗಳನ್ನು ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಎರಡು ಮೂರು ಹರಳುಗಳನ್ನು ಶುಚಿಗೊಳಿಸಿದ ಚಿಮುಟದಿಂದ ತೆಗೆದೆ. ಈ ಕೆಲಸ ಅತ್ಯಂತ ನೋವಿನದು, ಅತ್ಯಂತ ಮುಖ್ಯವಾದದ್ದೂ ಹೌದು. ಕಣಗಳು ಒಳಗೇ ಉಳಿದರೆ ಸೋಂಕು ತಗಲುವ ಭಯ ಒಂದೆಡೆ. ಅವುಗಳ ಮೇಲೆಯೇ ಚರ್ಮ ಬೆಳೆದುಕೊಂಡು ಹಚ್ಚೆಯಂತೆ ಕಪ್ಪು ಕಲೆ ಶಾಶ್ವತವಾಗಿ ಉಳಿಯುವುದು ಇನ್ನೊಂದೆಡೆ. ಡಾಂಬರು ರಸ್ತೆಯ ಮೇಲೆ ಬಿದ್ದವರಲ್ಲಿ ಇಂಥ ಕಲೆ ಸಾಮಾನ್ಯ. ತಮ್ಮಿಂದ ತೆಗೆಯಲಾಗದಷ್ಟು ಕಣಗಳು ಹೊಕ್ಕಿದ್ದರೆ ಅರಿವಳಿಕೆ ಕೊಟ್ಟು ತೆಗೆಯುವ ವೈದ್ಯರ ಬಳಿಗೆ ಅಂದೇ ಹೋಗಬೇಕು. ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಸ್ಪಿರಿಟ್ಟನ್ನು ಗಾಯದೊಳಗೆ ಸುರಿಯಲಿಲ್ಲ. ಅವು ಕೀಟಾಣುಗಳೊಂದಿಗೆ, ಗಾಯ ಮಾಯಿಸಲು ದುಡಿಯುವ ಜೀವಕೋಶಗಳನ್ನೂ ಸುಡುತ್ತವೆ. ಉರಿದಷ್ಟೂ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬ ಮಾತು ಕೂಡ ಹಾಗೆಯೇ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ತೇವ ಉಳಿಯುವಂತೆ ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ತೆರೆದಿಟ್ಟ ಗಾಯಗಳಿಗಿಂತ ಸುಮಾರು ಎರಡು ಪಟ್ಟು ಬೇಗ ಹರಡುವುದನ್ನು ತೋರಿಸಿದರು. ಒಣಗಿದ ಹಕ್ಕಳೆಯ ಕೆಳಗೆ ದಾರಿ ಕೊರೆದುಕೊಂಡು ಸಾಗಬೇಕಾದ ಜೀವಕೋಶಗಳು ತೇವದಲ್ಲಿ ನೇರವಾಗಿ ಜಾರಿಕೊಂಡು ಹೋಗುತ್ತವೆ ಎಂಬುದೇ ಇದರ ಒಳಗುಟ್ಟು. ಓಟಗಾರರಿಗೆ ಇನ್ನೊಂದು ಲಾಭವೂ ಇದೆ: ಮೊಣಕಾಲಿನ ಮೇಲೆ ದಪ್ಪ ಹಕ್ಕಳೆ ಕಟ್ಟಿದರೆ ಮಡಚಿದಾಗಲೆಲ್ಲ ಅದು ಬಿರಿದು ಮತ್ತೆ ರಕ್ತ ಬರುತ್ತದೆ, ತೇವವಾಗಿಟ್ಟ ಗಾಯ ಹಾಗೆ ಬಿರಿಯುವುದಿಲ್ಲ. ನಾನು ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ ಹಚ್ಚಿ, ಅಂಟಿಕೊಳ್ಳದ ಪಟ್ಟಿ ಇಟ್ಟು, ಮೇಲೆ ಬ್ಯಾಂಡೇಜ್ ಸುತ್ತಿ, ದಿನಕ್ಕೊಮ್ಮೆ ತೊಳೆದು ಬದಲಿಸುತ್ತಿದ್ದೆ. ಸುತ್ತಲೂ ಕೆಂಪು ಹರಡುತ್ತಿದೆಯೇ, ಬಿಸಿಯಾಗಿದೆಯೇ, ಕೀವು ಬರುತ್ತಿದೆಯೇ ಎಂದು ಬದಲಿಸುವಾಗ ನೋಡುತ್ತಿದ್ದೆ. ಮಂಡಿಚಿಪ್ಪಿನ ಮುಂದೆ, ಚರ್ಮದ ಕೆಳಗೇ, ದ್ರವ ತುಂಬಿದ ಸಣ್ಣ ಚೀಲವೊಂದಿದ್ದು, ಮೊಣಕಾಲೂರಿ ಬಿದ್ದಾಗ ಅದು ಊದಿಕೊಳ್ಳಬಹುದು. ಅದಕ್ಕೆ ಸೋಂಕು ತಗಲಿದರೆ ಮನೆಮದ್ದಿನಲ್ಲಿ ಮುಗಿಯುವ ಮಾತಲ್ಲ.

ಟಿಟಿ ಇಂಜೆಕ್ಷನ್ ವಿಚಾರವನ್ನು ಹೆಚ್ಚಿನವರು ತುಕ್ಕು ಹಿಡಿದ ಮೊಳೆಗೆ ಮಾತ್ರ ಸೇರಿಸುತ್ತಾರೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳ ನಿಜವಾದ ನೆಲೆ ಮಣ್ಣು ಮತ್ತು ಪ್ರಾಣಿಗಳ ಸಗಣಿ, ಅಂದರೆ ಓಟದ ದಾರಿಯೇ. ಬಾಲ್ಯದ ಲಸಿಕೆಗಳು ಪೂರ್ಣವಾಗಿದ್ದವರಿಗೆ, ಮಣ್ಣು ತಾಗಿದ ಗಾಯವಾದಾಗ ಕೊನೆಯ ಚುಚ್ಚುಮದ್ದು ತೆಗೆದುಕೊಂಡು 5 ವರ್ಷವಾಗಿದ್ದರೆ ಮತ್ತೊಂದು ಬೇಕೆಂಬುದು ರೂಢಿಯಲ್ಲಿರುವ ನಿಯಮ. ಶುಚಿಯಾದ ಸಣ್ಣ ಗಾಯಕ್ಕೆ ಈ ಗಡುವು 10 ವರ್ಷ. ನನಗೆ ಕೊನೆಯ ಸಲ ಯಾವಾಗ ಹಾಕಿಸಿಕೊಂಡೆನೆಂಬುದೇ ನೆನಪಿರಲಿಲ್ಲ, ಹಾಗಾಗಿ ಅಂದೇ ಹಾಕಿಸಿಕೊಂಡೆ. ಈಗ ದಿನಾಂಕವನ್ನು ಓಟದ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಮಣಿಕಟ್ಟಿನ ಕಥೆ ಉದ್ದದ್ದು, ಏಕೆಂದರೆ ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಸಂಜೆಯ ಹೊತ್ತಿಗೆ ಬಾಗಿಲ ಹಿಡಿ ತಿರುಗಿಸುವಾಗ, ಕುರ್ಚಿಯ ಮೇಲೆ ಕೈಯೂರಿ ಏಳುವಾಗ ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದಂತಾಗುತ್ತಿತ್ತು. ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದಾಗ ಮಣಿಕಟ್ಟಿನ ಪಕ್ಕದಲ್ಲಿ, ಎರಡು ನರದ ಗೆರೆಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ, ಒಂದು ತಗ್ಗು ಕಾಣುತ್ತದೆ. ಅಲ್ಲಿ ಒತ್ತಿದರೆ ನೋವು. ವೈದ್ಯರು ಕೂಡ ಮೊದಲು ಒತ್ತಿದ್ದು ಅಲ್ಲಿಯೇ. ಆ ತಗ್ಗಿನ ಕೆಳಗಿರುವುದು ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ, ಚಾಚಿದ ಕೈಯೂರಿ ಬಿದ್ದಾಗ ಹೆಚ್ಚಾಗಿ ಮುರಿಯುವುದು ಇದೇ. ಇದರ ತೊಂದರೆ ಎರಡು ಬಗೆಯದು. ಮೊದಲನೆಯದು, ಮುರಿತ ಸಣ್ಣದಿದ್ದರೆ ಮೊದಲ ದಿನಗಳ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಎರಡನೆಯದು, ಈ ಮೂಳೆಗೆ ರಕ್ತ ಬರುವುದು ಮುಖ್ಯವಾಗಿ ಬೆರಳುಗಳ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಲುಪದೆ, ಆ ಭಾಗ ಕೂಡಿಕೊಳ್ಳದೆ ಸತ್ತುಹೋಗುವ ಸಾಧ್ಯತೆಯಿದೆ. ಉಳುಕಿದೆ ಅಷ್ಟೇ ಎಂದು ಎಣ್ಣೆ ತಿಕ್ಕಿಕೊಂಡು ಬಿಟ್ಟವರು ವರ್ಷಗಳ ನಂತರ ಸವೆದ ಮಣಿಕಟ್ಟಿನೊಂದಿಗೆ ವೈದ್ಯರ ಮುಂದೆ ಕೂರುವುದು ಇದರಿಂದಲೇ.

ನನ್ನ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ವೈದ್ಯರು ಹೆಬ್ಬೆರಳನ್ನೂ ಸೇರಿಸಿ ಹಿಡಿದಿಡುವ ಸ್ಪ್ಲಿಂಟ್ ಹಾಕಿ, ಹತ್ತು ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ತೆಗೆಯೋಣ ಎಂದರು. ಕಾಣದ ಮುರಿತಕ್ಕೆ ಕಟ್ಟು ಏಕೆ ಎಂದು ಕೇಳಿದ್ದಕ್ಕೆ, "ಮುರಿದಿಲ್ಲದಿದ್ದರೆ ಎರಡು ವಾರ ನಿಮಗೆ ಸ್ವಲ್ಪ ಕಿರಿಕಿರಿ, ಅಷ್ಟೇ. ಮುರಿದಿದ್ದು ಬಿಟ್ಟರೆ ಆಮೇಲೆ ಆಪರೇಷನ್ ಮಾತು ಬರುತ್ತದೆ" ಎಂದು ಉತ್ತರಿಸಿದರು. ಎರಡನೆಯ ಎಕ್ಸ್‌ರೇಯಲ್ಲೂ ಮೂಳೆ ಸರಿಯಾಗಿಯೇ ಇತ್ತು. ಪೆಟ್ಟು ಬಿದ್ದದ್ದು ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜುಗಳಿಗೆ ಎಂದು ತಿಳಿಯಿತು. ಆ ಎರಡು ವಾರ ವ್ಯರ್ಥವಾಯಿತೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮರುದಿನ ಬೆಳಗ್ಗೆ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗಗಳೆಲ್ಲ ನೋಯುತ್ತಿದ್ದವು. ಕತ್ತಿನ ಹಿಂಭಾಗ, ಪಕ್ಕೆಲುಬುಗಳ ನಡುವಿನ ಸ್ನಾಯು, ನೆಲಕ್ಕೆ ತಾಗದೇ ಇದ್ದ ಬಲ ತೊಡೆ. ಬೀಳುವ ಆ ಒಂದು ಸೆಕೆಂಡಿನಲ್ಲಿ ದೇಹ ತನ್ನನ್ನು ಉಳಿಸಿಕೊಳ್ಳಲು ಇರುವ ಸ್ನಾಯುಗಳನ್ನೆಲ್ಲ ಒಮ್ಮೆಲೇ ಬಿಗಿಹಿಡಿದಿರುತ್ತದೆ, ಅದರ ಬೆಲೆ ಇದು. ಊದಿದ ಸೊಂಟದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ನೋವು ತಗ್ಗಲೆಂದು ಸ್ವಲ್ಪ ಹೊತ್ತು ಇಟ್ಟೆ, ಅದಕ್ಕಿಂತ ಹೆಚ್ಚು ಮಾಡಲಿಲ್ಲ. ಪೆಟ್ಟಾದ ಜಾಗಕ್ಕೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಎತ್ತರದಲ್ಲಿ ಇಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದೆಂದು ದಶಕಗಳ ನಂತರ ತಮ್ಮ ಮಾತನ್ನು ತಿದ್ದಿಕೊಂಡರು. ಊತ ಎಂಬುದು ರಿಪೇರಿಯ ಕೆಲಸ ಆರಂಭವಾಗಿದೆ ಎಂಬುದರ ಗುರುತೂ ಹೌದು. ಹಾಗಾಗಿ ಮರುದಿನದಿಂದಲೇ ನೋವು ಹೆಚ್ಚಾಗದಷ್ಟು ನಡೆದೆ. ಸ್ಪ್ಲಿಂಟ್ ಇರುವಾಗ ಓಡುವುದು ಬೇಡವೆಂದು ವೈದ್ಯರು ಹೇಳಿದ್ದರು. ಕಾರಣ ಓಟವಲ್ಲ, ಮತ್ತೊಮ್ಮೆ ಬಿದ್ದರೆ ಊರಲು ಕೈಯಿಲ್ಲವೆಂಬುದು. ನಿಂತಲ್ಲೇ ತುಳಿಯುವ ಸೈಕಲ್ಲಿನಲ್ಲಿ ಉಸಿರು ಏರುವಷ್ಟು ತುಳಿದೆ. ಎರಡು ವಾರ ಓಡದಿದ್ದರೆ ಇಳಿಯುವ ಸಾಮರ್ಥ್ಯದಲ್ಲಿ ದೊಡ್ಡ ಪಾಲು ರಕ್ತದ ಪ್ರಮಾಣ ಕುಗ್ಗುವುದರಿಂದ ಬರುತ್ತದೆ, ಮತ್ತೆ ಅಭ್ಯಾಸ ಆರಂಭಿಸಿದರೆ ಅದು ಬೇಗನೆ ಮರಳುತ್ತದೆ. ಈ ವಿಷಯ ಗೊತ್ತಿದ್ದದ್ದರಿಂದ ಚಡಪಡಿಕೆ ಕಡಿಮೆಯಾಯಿತು.

ಮತ್ತೆ ಓಡಲು ಹೊರಟಾಗ ಎದುರಾದ ತೊಡಕು ಮೊಣಕಾಲಿನದೂ ಅಲ್ಲ, ಮಣಿಕಟ್ಟಿನದೂ ಅಲ್ಲ. ಕಣ್ಣು ನೆಲಕ್ಕೆ ಅಂಟಿಕೊಂಡಿತ್ತು. ಶೂವಿನ ಮುಂದಿನ ಒಂದು ಮೀಟರನ್ನು ಬಿಟ್ಟು ಅದು ಮೇಲೇಳುತ್ತಿರಲಿಲ್ಲ, ಅದರಿಂದ ಕತ್ತು ಬಾಗಿತು, ಭುಜಗಳು ಮುಂದಕ್ಕೆ ಮಡಚಿದವು, ಹೆಜ್ಜೆ ಬಿಗಿಯಾಯಿತು, ಹತ್ತೇ ನಿಮಿಷದಲ್ಲಿ ಬೆನ್ನು ನೋಯತೊಡಗಿತು. ಎಚ್ಚರಿಕೆಯಿಂದ ಓಡುತ್ತಿದ್ದೇನೆ ಎಂಬ ಭಾವನೆಯೇನೋ ಇತ್ತು, ಆದರೆ ವಾಸ್ತವದಲ್ಲಿ ನಾನು ಹೆಚ್ಚು ಅಪಾಯದಲ್ಲಿದ್ದೆ. ಒಂದು ಮೀಟರ್ ಮುಂದಿರುವ ಬೇರನ್ನು ಕಂಡರೆ ಅದಕ್ಕೆ ಹೆಜ್ಜೆ ಹೊಂದಿಸಲು ಉಳಿಯುವುದು ಸೆಕೆಂಡಿನ ಮೂರನೆಯ ಒಂದು ಭಾಗ ಮಾತ್ರ, ಅದರಲ್ಲಿ ಬಹುಪಾಲು ಕಾಣುವುದಕ್ಕೇ ಖರ್ಚಾಗುತ್ತದೆ. ಏರುಪೇರಾದ ನೆಲದಲ್ಲಿ ನಡೆಯುವವರ ಕಣ್ಣಿನ ಚಲನೆಯನ್ನು ಅಳೆದ ಸಂಶೋಧನೆಗಳಲ್ಲಿ, ನೋಟ ಹೆಚ್ಚಾಗಿ ಎರಡು ಹೆಜ್ಜೆ ಮುಂದೆ ನೆಲೆಸಿರುವುದು ಕಂಡುಬಂದಿದೆ. ಓಟದಲ್ಲಿ ಇನ್ನೂ ಮುಂದೆ ಇರಬೇಕು. ನಾನು ನಾಲ್ಕೈದು ಮೀಟರ್ ಮುಂದಿನ ನೆಲವನ್ನು ನೋಡಿ, ಅಲ್ಲಿ ಕಂಡದ್ದನ್ನು ನೆನಪಿನಲ್ಲಿಟ್ಟು, ಕಾಲು ಅಲ್ಲಿಗೆ ತಲುಪುವಾಗ ಕಣ್ಣು ಮತ್ತೆ ಮುಂದಿರುವಂತೆ ಅಭ್ಯಾಸ ಮಾಡಿಕೊಂಡೆ. ಇದನ್ನು ಮೊದಲು ನಡಿಗೆಯಲ್ಲಿ, ಆಮೇಲೆ ಸಮತಟ್ಟಾದ ದಾರಿಯ ಓಟದಲ್ಲಿ ರೂಢಿಸಿಕೊಂಡು, ಕೊನೆಗೆ ಮಣ್ಣಿನ ದಾರಿಗೆ ಹೋದೆ. ಕೆಳಗೆ ನೋಡದೆಯೂ ಪಾದ ಬೇರನ್ನು ದಾಟುತ್ತದೆ ಎಂಬುದನ್ನು ದೇಹ ನಂಬಲು ಸ್ವಲ್ಪ ಕಾಲ ಹಿಡಿಯಿತು. ಒತ್ತಾಯದಿಂದ ಬರುವ ನಂಬಿಕೆ ಅಲ್ಲ ಅದು.

ಹೆಜ್ಜೆಯಲ್ಲೂ ಒಂದು ಬದಲಾವಣೆ ಮಾಡಿಕೊಂಡೆ. ಬೇರುಗಳಿರುವ ಜಾಗದಲ್ಲಿ ವೇಗ ಇಳಿಸುವ ಬದಲು ಹೆಜ್ಜೆಗಳನ್ನು ಚಿಕ್ಕದು ಮಾಡಿ ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತೇನೆ. ಹೆಜ್ಜೆ ಚಿಕ್ಕದಾದಷ್ಟೂ ಪಾದ ದೇಹದ ಕೆಳಗೇ ಇರುತ್ತದೆ, ಒಂದು ಹೆಜ್ಜೆ ತಪ್ಪಿದರೆ ಇನ್ನೊಂದು ಬೇಗ ನೆರವಿಗೆ ಬರುತ್ತದೆ. ದೀರ್ಘ ಓಟದ ಕೊನೆಯ ಭಾಗವನ್ನು, ಅಂದರೆ ಕಾಲು ದಣಿದಿರುವ ಹೊತ್ತನ್ನು, ಸಾಧ್ಯವಾದಷ್ಟೂ ನಯವಾದ ದಾರಿಯಲ್ಲಿ ಬರುವಂತೆ ಸುತ್ತನ್ನು ತಿರುಗುಮುರುಗಾಗಿ ಓಡುತ್ತೇನೆ. ಕೈಯಲ್ಲಿ ಫೋನಾಗಲಿ ನೀರಿನ ಬಾಟಲಿಯಾಗಲಿ ಹಿಡಿಯುವುದಿಲ್ಲ, ಸೊಂಟದ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತೇನೆ. ಮುಷ್ಟಿ ಮುಚ್ಚಿದ್ದರೆ ಬೀಳುವಾಗ ಅಂಗೈ ತೆರೆಯುವುದಿಲ್ಲ, ಬೆರಳಿನ ಗೆಣ್ಣುಗಳು ನೆಲಕ್ಕೆ ಬಡಿಯುತ್ತವೆ.

ಬೀಳುವುದನ್ನೇ ಅಭ್ಯಾಸ ಮಾಡಬಹುದೇ ಎಂದು ಕೆಲವರು ಕೇಳಿದ್ದಾರೆ. ಸ್ವಲ್ಪ ಮಟ್ಟಿಗೆ ಮಾಡಬಹುದು. ಮಣಿಕಟ್ಟು ಪೂರ್ತಿ ವಾಸಿಯಾದ ಮೇಲೆ ಜೂಡೋ ಕಲಿಸುವ ಒಬ್ಬರಿಂದ ದಪ್ಪ ಚಾಪೆಯ ಮೇಲೆ ಭುಜದಿಂದ ಸೊಂಟದ ಕಡೆಗೆ ಓರೆಯಾಗಿ ಉರುಳುವುದನ್ನು ಕಲಿತೆ. ಮೊಣಕೈಯನ್ನು ಸೆಟೆದು ಹಿಡಿಯದೆ ಬಾಗಿಸಿ, ಹೊಡೆತವನ್ನು ಒಂದೇ ಜಾಗಕ್ಕೆ ಬಿಡದೆ ಉದ್ದಕ್ಕೂ ಹಂಚುವುದು ಅದರ ತಿರುಳು. ಮಂಡಿಯೂರಿ ಕುಳಿತು ಆರಂಭಿಸಿ, ಆಮೇಲೆ ನಿಂತು, ಆಮೇಲೆ ನಾಲ್ಕು ಹೆಜ್ಜೆ ಓಡಿಬಂದು ಉರುಳುವವರೆಗೆ ಬಂದಿದ್ದೇನೆ. ಸಿದ್ಧವಾಗಿ ಉರುಳುವುದಕ್ಕೂ ಹೇಳದೆ ಕೇಳದೆ ಮರದ ಬೇರಿಗೆ ಕಾಲು ಸಿಕ್ಕಿಕೊಳ್ಳುವುದಕ್ಕೂ ಬಹಳ ಅಂತರವಿದೆ, ಆ ಅಂತರವನ್ನು ಚಾಪೆ ತುಂಬಲಾರದು. ಆದರೂ ಮೊಣಕೈ ಬಾಗಿಸುವ ಅಷ್ಟು ಅಂಶವಾದರೂ ರೂಢಿಯಾದರೆ ಮಣಿಕಟ್ಟಿನ ಮೇಲಿನ ಹೊಡೆತ ತಗ್ಗುತ್ತದೆ ಎಂಬ ಕಾರಣಕ್ಕೆ ಈ ಅಭ್ಯಾಸವನ್ನು ವಾರಕ್ಕೊಮ್ಮೆ ಮುಂದುವರಿಸಿದ್ದೇನೆ. ಜೊತೆಗೆ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಮೊಣಕಾಲನ್ನು ಸೊಂಟದೆತ್ತರಕ್ಕೆ ಎತ್ತಿ ಇಳಿಸುವ ವ್ಯಾಯಾಮವನ್ನು, ಓಟ ಮುಗಿದು ಕಾಲು ದಣಿದಿರುವಾಗಲೇ ಮಾಡುತ್ತೇನೆ, ಏಕೆಂದರೆ ಪಾದ ತಗ್ಗುವುದು ಅದೇ ಹೊತ್ತಿನಲ್ಲಿ.